ಅವಳು ಅಷ್ಟುದ್ದ ಹೇಳ್ಲಿಲ್ಲ

ಅಮ್ಮನಿಗೆ ಇಂಗ್ಲಿಷ್ ಬರುವುದಿಲ್ಲ. ಆದರೂ ಅಮೆರಿಕದಲ್ಲಿ ನಮ್ಮ ಜೊತೆಗಿದ್ದ ನಾಲ್ಕು ತಿಂಗಳಲ್ಲಿ ಅವಳು ನೋಡಿದಷ್ಟು ಇಂಗ್ಲಿಷ್ ಸಿನಿಮಾಗಳನ್ನು ನಾನು ಇಂಜಿನಿಯರಿಂಗ್ ಓದುವಾಗ ನಾಲ್ಕು ವರ್ಷ ಹಾಸ್ಟೆಲ್‌ನಲ್ಲಿದ್ದೂ ನೋಡಿರಲಿಲ್ಲ. ಅದೂ ಎಂಥಾ ಸಿನಿಮಾ? ಬರೀ ಲವ್ ಸ್ಟೋರಿ. ಟೀವಿಗೆಂದೇ ತೆಗೆದ, ಥಿಯೇಟರಿನ ಮುಖವನ್ನೇ ನೋಡದ ಸಿನಿಮಾಗಳು. ಹುಡುಗಿಯೊಬ್ಬಳು ಸೂಟ್‌ಕೇಸ್ ಎಳೆದುಕೊಂಡು ಯಾವುದೋ ಊರಿಗೆ ಹೋಗುತ್ತಾಳೆ, ಅಲ್ಲಿ ಒಬ್ಬ ಹುಡುಗ ಇರುತ್ತಾನೆ, ಅಷ್ಟೇ.

ಅದು 2019ರ ಜನವರಿ ಕೊನೆ. ನಾವಿದ್ದದ್ದು ಕಾನ್ಸಾಸ್ ಸಿಟಿಯ ಪಕ್ಕದ ಓವರ್‌ಲ್ಯಾಂಡ್ ಪಾರ್ಕ್ ಎಂಬ ಊರಿನಲ್ಲಿ. ಮಗಳು ಹುಟ್ಟಿ ಮೂರು ತಿಂಗಳಾಗಿತ್ತು. ಬಾಣಂತನಕ್ಕೆ ಬಂದಿದ್ದ ಅತ್ತೆ ವಾಪಸ್ ಹೋಗಿದ್ದರು, ಮುಂದಿನ ಪಾಳಿ ಅಮ್ಮನದು. ಅಡಿಕೆ ಕೊಯ್ಲು ಮುಗಿಯುವ ತನಕ ಬರುವುದಿಲ್ಲ ಎಂದು ಹಟ ಹಿಡಿದು ಕೂತಿದ್ದವಳು, ಕೊನೆಯ ಹಂಡೆ ಅಡಿಕೆ ಬೇಯಿಸಿ ಅಂಗಳಕ್ಕೆ ಹರಡಿದ ಮೇಲೆಯೇ ಹೊಸನಗರದಲ್ಲಿ ಬಸ್ ಹತ್ತಿದ್ದು. ಮೂರು ವಿಮಾನ ಬದಲಿಸಬೇಕಲ್ಲ ಅಂತ ನಾನು ವೀಲ್‌ಚೇರ್ ಬುಕ್ ಮಾಡಿದ್ದೆ. ನಿಮ್ಮಲ್ಲಿ ಬಹಳ ಜನ ಮಾಡಿರುತ್ತೀರಿ, ಕಾಲು ಸರಿಯಿಲ್ಲ ಅಂತಲ್ಲ, ಭಾಷೆ ಬರಲ್ಲ ಅಂತ. ದಿನಾ ತೋಟದ ದರೆ ಹತ್ತಿ ಇಳಿಯುವ ಅಮ್ಮ, ತಳ್ಳುಗಾಡಿಯಲ್ಲಿ ಕೂತು ಹೊರಗೆ ಬಂದವಳು ನನ್ನನ್ನು ಕಂಡಕೂಡಲೇ ಎದ್ದು ಓಡಿಬಂದಳು. ತಳ್ಳಿಕೊಂಡು ಬಂದಿದ್ದವನು ಪವಾಡ ನೋಡಿದಂತೆ ನಿಂತಿದ್ದ.

ಹೊರಗೆ ಮೊಳಕಾಲುದ್ದ ಹಿಮ. ವಾಕಿಂಗ್ ಹೋಗೋಣವೆಂದರೆ ಮೂಗು ಉದುರುವ ಚಳಿ. ನಾನು ಬೆಳಗ್ಗೆ ಎಂಟಕ್ಕೆ ಹೊರಟರೆ ಸಂಜೆ ಆರು. ಮಗು ಮಲಗಿದಾಗ ಅಮ್ಮನಿಗೆ ಮಾಡಲು ಏನೂ ಇಲ್ಲ. ರಿಮೋಟ್ ಒತ್ತುತ್ತಾ ಒತ್ತುತ್ತಾ ಒಂದು ಚಾನೆಲ್‌ನಲ್ಲಿ ನಿಂತಳು, ಆಮೇಲೆ ಅಲ್ಲಿಂದ ಕದಲಲಿಲ್ಲ. ಹಾಲ್‌ಮಾರ್ಕ್ ಚಾನೆಲ್.

"ಇದೇ ಯಾಕಮ್ಮ?" ಅಂತ ಕೇಳಿದೆ.

"ಬೇರೆದ್ರಲ್ಲೆಲ್ಲ ಒಂದೋ ಗುಂಡು ಹಾರಿಸ್ತಾರೆ, ಇಲ್ಲಾ ಬಟ್ಟೆ ಬಿಚ್ತಾರೆ. ಇದ್ರಲ್ಲಿ ಎಲ್ರೂ ಮೈತುಂಬ ಕೋಟು ಹಾಕ್ಕೊಂಡಿರ್ತಾರೆ" ಅಂದಳು.

ಆ ಚಾನೆಲ್‌ನ ಬಗ್ಗೆ ಇದಕ್ಕಿಂತ ಒಳ್ಳೆಯ ವಿಮರ್ಶೆಯನ್ನು ನಾನು ಎಲ್ಲೂ ಓದಿಲ್ಲ.

ಹಾಲ್‌ಮಾರ್ಕ್ ಅಂದರೆ ಮೂಲತಃ ಗ್ರೀಟಿಂಗ್ ಕಾರ್ಡಿನ ಕಂಪನಿ. ಅದರ ಮುಖ್ಯ ಕಚೇರಿ ಇರುವುದು ಕಾನ್ಸಾಸ್ ಸಿಟಿಯಲ್ಲೇ. 1910ರಲ್ಲಿ ಜಾಯ್ಸ್ ಹಾಲ್ ಎಂಬ ಹದಿನೆಂಟರ ಹುಡುಗ (ಹೆಸರು ಹೆಂಗಸಿನದಂತಿದ್ದರೂ ಗಂಡಸೇ) ನೆಬ್ರಾಸ್ಕಾದಿಂದ ರೈಲಿನಲ್ಲಿ ಬಂದಿಳಿದಾಗ ಅವನ ಬಂಡವಾಳ ಎರಡು ಶೂ ಡಬ್ಬಿ ತುಂಬ ಪೋಸ್ಟ್‌ಕಾರ್ಡು. ಅಲ್ಲಿಂದ ಶುರುವಾದದ್ದು. 1951ರಿಂದ ಟೀವಿ ಕಾರ್ಯಕ್ರಮಗಳಿಗೆ ದುಡ್ಡು ಹಾಕತೊಡಗಿದರು, 2001ರಲ್ಲಿ ತಮ್ಮದೇ ಹೆಸರಿನ ಚಾನೆಲ್ ಬಂತು. ನನಗೆ ಈ ಸಿನಿಮಾಗಳನ್ನು ನೋಡಿದಾಗಲೆಲ್ಲ ಅನ್ನಿಸುವುದು, ಇವರು ಇನ್ನೂ ಕಾರ್ಡೇ ಮಾಡುತ್ತಿದ್ದಾರೆ ಅಂತ. ಮೇಲೊಂದು ಚೆಂದದ ಚಿತ್ರ, ಒಳಗೆ ಎರಡು ಸಾಲು ಒಳ್ಳೆ ಮಾತು, ಮಡಚಿದರೆ ಮುಗಿಯಿತು.

ತಯಾರಿಯೂ ಹಾಗೇ, ಅಚ್ಚು ಹಾಕಿದಂತೆ. ಹೆಚ್ಚಿನವುಗಳ ಶೂಟಿಂಗ್ ಮುಗಿಯುವುದು ಎರಡು ಮೂರು ವಾರದಲ್ಲಿ. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಒಂದು ಸ್ಪ್ರಿಂಟ್. ಎರಡು ಗಂಟೆಯ ಸ್ಲಾಟ್‌ನಲ್ಲಿ ಕಥೆ ಸುಮಾರು 84 ನಿಮಿಷ, ಉಳಿದದ್ದು ಜಾಹೀರಾತು. ಅಮೆರಿಕದ ಪುಟ್ಟ ಊರು ಅಂತ ತೋರಿಸುವುದು ಬಹಳಷ್ಟು ಸಲ ಕೆನಡಾದ ವ್ಯಾಂಕೂವರ್ ಸುತ್ತಮುತ್ತಲಿನ ಊರುಗಳನ್ನು. ಕ್ರಿಸ್ಮಸ್ ಕಥೆಯನ್ನು ಬೇಸಿಗೆಯಲ್ಲಿ, ಸುರಿದ ನೊರೆಯನ್ನೇ ಹಿಮ ಅಂದುಕೊಂಡು ಉಣ್ಣೆ ಕೋಟಿನಲ್ಲಿ ಬೆವರುತ್ತಾ ತೆಗೆಯುತ್ತಾರೆ. ಕಥೆಗೆ ಯುರೋಪಿನ ಅರಮನೆ ಬೇಕಾದರೆ ರೊಮೇನಿಯಾಕ್ಕೆ ಹೋಗುವುದೂ ಉಂಟು. ಪ್ರೀತಿಗೆ ಪ್ರವಾಸವನ್ನು ಸೇರಿಸಿ ಹೊಸೆದ ಇಂಥ ಕಥೆಗಳದ್ದೇ ಒಂದು ಸಾಲಿದೆ. ಒಂದರಲ್ಲಿ ಅಮೆರಿಕದ ಹುಡುಗಿಗೆ ದಕ್ಷಿಣ ಆಫ್ರಿಕಾದಲ್ಲಿ ವನ್ಯಜೀವಿಗಳ ಧಾಮವೊಂದು ಆಸ್ತಿಯಾಗಿ ಬರುತ್ತದೆ. ಮಾರಿ ಬರೋಣವೆಂದು ಹೋದರೆ, ಅಲ್ಲಿ ಕಾಡು ಕಾಯುವವನೊಬ್ಬ ಇರುತ್ತಾನೆ. ಮುಂದಿನದು ನಿಮಗೇ ಗೊತ್ತು.

ಅಮ್ಮನಿಗೂ ಗೊತ್ತಿತ್ತು. ಎರಡೇ ವಾರದಲ್ಲಿ ಅವಳು ಈ ಸಿನಿಮಾಗಳ ಸೋರ್ಸ್ ಕೋಡ್ ಓದಿಬಿಟ್ಟಿದ್ದಳು. ಮೊದಲ ಹತ್ತು ನಿಮಿಷದಲ್ಲಿ ಹುಡುಗಿಗೊಂದು ನಷ್ಟ ಆಗಬೇಕು, ಕೆಲಸ ಹೋಗಬೇಕು, ಇಲ್ಲವೇ ಇದ್ದ ಹುಡುಗ ಕೈಕೊಡಬೇಕು. ಅವಳು ಹೊಸ ಊರಿಗೆ ಬಂದಕೂಡಲೇ ಯಾರಿಗೋ ಡಿಕ್ಕಿ ಹೊಡೆದು ಕಾಫಿ ಚೆಲ್ಲಬೇಕು. "ಇವ್ನೇ ಹುಡುಗ" ಎಂದು ಅಮ್ಮ ಘೋಷಿಸುತ್ತಿದ್ದಳು. ಒಂದು ಗಂಟೆ ಹೊತ್ತಿಗೆ ಇಬ್ಬರೂ ಸೇರಿ ಅಡುಗೆ ಮಾಡಬೇಕು, ಮೂಗಿಗೆ ಹಿಟ್ಟು ತಾಗಬೇಕು. ಆಮೇಲೆ ಯಾರದೋ ಫೋನ್ ಮಾತನ್ನು ಇನ್ಯಾರೋ ಅರ್ಧ ಕೇಳಿಸಿಕೊಂಡು ಮುನಿಸು. ಕೊನೆಗೊಂದು ಜಾತ್ರೆ, ದೀಪ, ಮುತ್ತು. ಮುತ್ತು ಕೊಡುವುದು ಕಟ್ಟಕಡೆಗೇ. ಅದರ ಟೈಮಿಂಗ್ ಅಮ್ಮನಿಗೆ ಎಷ್ಟು ಕರಾರುವಾಕ್ಕಾಗಿ ಗೊತ್ತಿತ್ತೆಂದರೆ, ಇನ್ನೇನು ಮುಖ ಹತ್ತಿರ ಬಂತು ಅನ್ನುವಾಗ ಅವಳು ಎದ್ದು ಅಕ್ಕಿ ತೊಳೆಯಲು ಹೋಗಿರುತ್ತಿದ್ದಳು.

ಫೆಬ್ರವರಿ 16, ಶನಿವಾರ. ಪ್ರೇಮಿಗಳ ದಿನದ ವಾರವಾದ್ದರಿಂದ ಅವತ್ತು ಹೊಸ ಸಿನಿಮಾ. 'ಲವ್, ರೊಮಾನ್ಸ್ ಅಂಡ್ ಚಾಕಲೇಟ್' ಅಂತ ಹೆಸರು. ನನಗೆ ಆ ರಾತ್ರಿ ರಿಲೀಸ್ ಇತ್ತು. ಊಟದ ಟೇಬಲ್ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು, ಒಂದು ಕಿವಿಯಲ್ಲಿ ಬೆಂಗಳೂರಿನ ಟೀಮು, ಇನ್ನೊಂದು ಕಿವಿಯಲ್ಲಿ ಟೀವಿ. ಮಗು ಮಲಗಿದ್ದರಿಂದ ವಾಲ್ಯೂಮ್ ತಗ್ಗಿಸಿ ಕೆಳಗೆ ಅಕ್ಷರ ಬರುವಂತೆ ಇಟ್ಟಿದ್ದೆವು. ಸೋಫಾದಲ್ಲಿ ಅಮ್ಮ, ಪಕ್ಕದಲ್ಲಿ ಹೆಂಡತಿ. ಅವಳು ತಗ್ಗಿದ ದನಿಯಲ್ಲಿ ಅಮ್ಮನಿಗೆ ಕನ್ನಡದಲ್ಲಿ ಹೇಳುತ್ತಿದ್ದಳು.

ಕಥೆ ಇಷ್ಟು. ಲೆಕ್ಕಪತ್ರ ನೋಡುವ ಕೆಲಸದಲ್ಲಿರುವ ಹುಡುಗಿ, ಚಾಕಲೇಟ್ ಅಂದರೆ ಪ್ರಾಣ. ಹುಡುಗ ಕೈಕೊಡುತ್ತಾನೆ. ಅವಳು ಬೆಲ್ಜಿಯಂನ ಬ್ರೂಜ್ ಎಂಬ ಊರಿಗೆ ಹೋಗುತ್ತಾಳೆ. ನಿಜವಾಗಿಯೂ ಚೆಂದದ ಊರು ಅದು, ನೀರಿನ ಕಾಲುವೆಗಳು, ಕಲ್ಲು ಹಾಸಿದ ಬೀದಿ, ಗಂಟೆ ಗೋಪುರ, ಯುನೆಸ್ಕೋ ಪಟ್ಟಿಯಲ್ಲಿರುವ ಹಳೇ ಪೇಟೆ. ಅಲ್ಲೊಬ್ಬ ಚಾಕಲೇಟ್ ಮಾಡುವವನು, ರಾಜಮನೆತನದ ಮದುವೆಗೆ ಚಾಕಲೇಟ್ ಮಾಡಿಕೊಡುವ ಸ್ಪರ್ಧೆಯಲ್ಲಿದ್ದಾನೆ. ಇವಳು ಅವನಿಗೆ ಸಹಾಯಕ್ಕೆ ನಿಲ್ಲುತ್ತಾಳೆ.

ಹುಡುಗಿ ವಿಮಾನದಿಂದ ಇಳಿದು ಒಂದು ನಗು ಬೀರಿ ಊರೊಳಗೆ ನಡೆದಾಗ ನಾನೂ ಹೆಂಡತಿಯೂ ಒಟ್ಟಿಗೇ ನಕ್ಕೆವು. ಅಮೆರಿಕದ ಪಾಸ್‌ಪೋರ್ಟ್ ಇದ್ದವರಿಗೆ ಆ ದೇಶಗಳಲ್ಲಿ 90 ದಿನ ವೀಸಾ ಬೇಕಿಲ್ಲ. ನಮ್ಮ ಪಾಸ್‌ಪೋರ್ಟಿಗೆ? ಬ್ಯಾಂಕ್ ಸ್ಟೇಟ್‌ಮೆಂಟ್, ಸಂಬಳದ ಚೀಟಿ, ಹೋಟೆಲ್ ಬುಕಿಂಗ್, 30,000 ಯೂರೋದ ಇನ್ಶೂರೆನ್ಸ್, ಬೆರಳಚ್ಚು. ಬ್ರೇಕಪ್ ಆದ ಹುಡುಗಿ ಇಷ್ಟೆಲ್ಲ ಜೋಡಿಸುವ ಹೊತ್ತಿಗೆ ದುಃಖವೇ ಆರಿಹೋಗಿರುತ್ತೆ. ನನ್ನ ಕಥೆ ಇನ್ನೂ ಚೆಂದ. ವೀಸಾ ಸ್ಟಾಂಪಿನ ಅವಧಿ ಮುಗಿದಿತ್ತು. ಅಮೆರಿಕದಲ್ಲಿ ಇರಬಹುದು, ಕೆಲಸ ಮಾಡಬಹುದು. ಆದರೆ ಯುರೋಪಿಗೆ ಹೋದರೆ ಮತ್ತೆ ಸ್ಟಾಂಪ್ ಹಾಕಿಸಿಕೊಳ್ಳದೆ ಒಳಗೆ ಬರುವ ಹಾಗಿಲ್ಲ. ಪ್ರಪಂಚ ಸುತ್ತುತ್ತಾನೆ ಅಂತ ಊರಲ್ಲಿ ಹೆಸರಾದ ನಾನು ಎರಡು ವರ್ಷದಿಂದ ಆ ದೇಶ ಬಿಟ್ಟು ಕದಲಿರಲಿಲ್ಲ.

ಚಾಕಲೇಟ್ ಮಾಡುವ ದೃಶ್ಯ ಬಂದಾಗ ಅಮ್ಮ ಕೇಳಿದಳು, "ಅದೆಂತದ್ರಿಂದ ಮಾಡೋದು?"

"ಕೋಕೋ ಬೀಜದಿಂದ, ಅತ್ತೆ."

"ನಮ್ಮ ತೋಟದಲ್ಲಿ ಅಡಿಕೆ ಮಧ್ಯ ನೆಟ್ಟಿದ್ದಲ್ವಾ, ಅದಾ?"

ಅದೇ. ಅಣ್ಣ ಹತ್ತು ವರ್ಷದ ಹಿಂದೆ ಅಡಿಕೆ ಮರಗಳ ನಡುವೆ ಒಂದಿಷ್ಟು ಕೋಕೋ ಗಿಡ ಹಾಕಿದ್ದ. ಮಂಗ, ಅಳಿಲು ಬಿಟ್ಟು ಉಳಿದದ್ದನ್ನು ಒಡೆದು, ಬೀಜ ಕ್ಯಾಂಪ್ಕೋಗೆ ಕೊಡುತ್ತಾನೆ. ಅವರ ಚಾಕಲೇಟ್ ಫ್ಯಾಕ್ಟರಿ ಪುತ್ತೂರಿನಲ್ಲಿ 1986ರಿಂದ ಇದೆ. ಬೆಲ್ಜಿಯಂ ಚಾಕಲೇಟಿಗೆ ಅಷ್ಟು ಹೆಸರು, ಆದರೆ ಅಲ್ಲಿನ ಚಳಿಗೆ ತೋಟದಲ್ಲಿ ಒಂದು ಕೋಕೋ ಗಿಡವೂ ಬದುಕುವುದಿಲ್ಲ. ಬೀಜವೆಲ್ಲ ಆಫ್ರಿಕಾದಂಥ ಬಿಸಿಲು ನಾಡುಗಳಿಂದಲೇ ಬರಬೇಕು. ಬೆಳೆಯುವವನ ಬಗ್ಗೆ ಯಾರೂ ಲವ್ ಸ್ಟೋರಿ ತೆಗೆಯುವುದಿಲ್ಲ ಬಿಡಿ.

ಸಿನಿಮಾ ಮುಕ್ಕಾಲು ಆಗಿತ್ತು. ನನ್ನ ಕಾಲ್‌ನಲ್ಲಿ ಯಾರೋ ಡೇಟಾಬೇಸ್ ಸ್ಕ್ರಿಪ್ಟ್ ಓಡಿಸುತ್ತಿದ್ದರು, ಕಾಯುವ ಹೊತ್ತು. ಟೀವಿಯಲ್ಲಿ ಹುಡುಗಿ ಕಿಟಕಿಯ ಬಳಿ ನಿಂತು ಏನೋ ಹೇಳುತ್ತಿದ್ದಳು. ಹೆಂಡತಿ ಅಮ್ಮನಿಗೆ ಹೇಳುವುದು ಕೇಳಿಸಿತು:

"ಅವಳು ಹೇಳ್ತಿದ್ದಾಳೆ ಅತ್ತೆ, ನಂಗೆ ನನ್ನ ಕೆಲಸ ಇಷ್ಟ ಇತ್ತು ಅಂತ. ಬೆಳಗ್ಗೆ ಎದ್ದ ತಕ್ಷಣ ಇವತ್ತು ಆಫೀಸಿದೆ ಅಂದ್ಕೊಂಡು ಹಾಸಿಗೆಯಿಂದ ಏಳ್ತಾಳಂತೆ. ಆಮೇಲೆ ನೆನಪಾಗುತ್ತಂತೆ, ಎಲ್ಲಿಗೂ ಹೋಗೋದಿಲ್ಲ ಅಂತ. ಈ ಊರು ಚೆನ್ನಾಗಿದೆ, ಇವನೂ ಒಳ್ಳೆಯವನು. ಆದ್ರೆ ಇಲ್ಲಿ ಎಲ್ರೂ ಅವಳನ್ನ ಇವನ ಹೆಸರು ಹೇಳಿ ಗುರುತು ಹಿಡೀತಾರೆ. ಅವಳ ಹೆಸರು ಕರೆಯೋರು ಯಾರೂ ಇಲ್ಲ."

ಅಮ್ಮ "ಹ್ಞೂಂ" ಅಂದಳು. ಅಷ್ಟೇ. ನಾನು ಸ್ಕ್ರಿಪ್ಟ್ ಕಡೆ ತಿರುಗಿದೆ.

ಕೊನೆಗೆ ಮುತ್ತು, ಸಂಗೀತ, ಹೆಸರುಗಳು. ಅಮ್ಮ ಈ ಸಲ ಅಕ್ಕಿ ತೊಳೆಯಲು ಏಳಲಿಲ್ಲ.

"ಹುಡುಗನಿಗೆ ಎಂತ ಕೆಲಸ ಅಂದೆ?"

"ಚಾಕಲೇಟ್ ಮಾಡೋದು."

"ಅಂದ್ರೆ ಅಡುಗೆಯವನು. ಅಡುಗೆಯವನಿಗೆ ಅಮೆರಿಕದಿಂದ ಹೆಣ್ಣು ಬರತ್ತೆ. ಅವ್ನು ಮಾಡೋ ಚಾಕಲೇಟಿಗೆ ಬೀಜ ಬೆಳೆಯೋ ನಿನ್ನಣ್ಣನಿಗೆ ಪಕ್ಕದ ಊರಿಂದ ಬರಲ್ಲ."

ನಮ್ಮ ಮನೆಯ ಎಲ್ಲ ಮಾತುಗಳೂ ಎಲ್ಲಿಂದ ಹೊರಟರೂ ಬಂದು ನಿಲ್ಲುವ ಜಾಗ ಇದು. ಅಣ್ಣನಿಗೆ ಆಗ ಮೂವತ್ತೆಂಟು. ಬಿ.ಕಾಂ. ಮಾಡಿದ್ದಾನೆ, ಕುಡಿಯುವುದಿಲ್ಲ, ನಾಲ್ಕೂವರೆ ಎಕರೆ ತೋಟ, ಮನೆಯಲ್ಲಿ ಫ್ರಿಜ್ಜು, ಕಾರು ಎಲ್ಲ ಇದೆ. ನೋಡಿ ಬಂದ ಹೆಣ್ಣುಗಳು ಇಪ್ಪತ್ಮೂರು. ಮೊದಮೊದಲು ಜಾತಕ ಹೊಂದಲಿಲ್ಲ ಅನ್ನುತ್ತಿದ್ದರು. ಆಮೇಲಾಮೇಲೆ ನೇರವಾಗಿಯೇ, "ಬೆಂಗಳೂರಲ್ಲಿ ಕೆಲಸ ಮಾಡೋದಾದ್ರೆ ನೋಡಬಹುದು" ಅಂತ ಹೇಳಿ ಕಳಿಸತೊಡಗಿದರು. ಮಲೆನಾಡಿನ ಯಾವ ಊರಿಗೆ ಬೇಕಾದರೂ ಹೋಗಿ, ಪ್ರತಿ ಮೂರನೇ ಮನೆಯಲ್ಲಿ ಇಂಥದೊಬ್ಬ ಅಣ್ಣ ಸಿಗುತ್ತಾನೆ.

ನಾನು ಲ್ಯಾಪ್‌ಟಾಪಿನಿಂದ ತಲೆಯೆತ್ತದೆಯೇ, ಈ ವಿಷಯ ಬಂದಾಗಲೆಲ್ಲ ನಾವು ಗಂಡಸರು ಹೇಳುವ ಮಾತನ್ನೇ ಹೇಳಿದೆ. "ಈಗಿನ ಹುಡುಗಿಯರಿಗೆ ಸಿಟಿ ಬೇಕು ಅಮ್ಮ. ಹಳ್ಳಿಗೆ ಬಂದು ಬಾಳೋ ಮನಸ್ಸು ಯಾರಿಗಿದೆ?"

ನನ್ನ ಹೆಂಡತಿಯ ಬಗ್ಗೆ ಒಂದು ವಿಷಯ ಹೇಳಬೇಕು. ನಾವಿಬ್ಬರೇ ಇದ್ದಾಗ ಅವಳು ನನ್ನನ್ನು 'ನೀನು' ಅನ್ನುತ್ತಾಳೆ. ಅಮ್ಮನೆದುರು 'ನೀವು', 'ಬನ್ನಿ', 'ಊಟ ಮಾಡಿ'. ಮೈಸೂರಿನಲ್ಲಿ ಬೆಳೆದವಳು, ನಮ್ಮ ಮದುವೆಯಾದ ವಾರದಲ್ಲೇ ತಾನಾಗಿ ಮಾಡಿಕೊಂಡ ವ್ಯವಸ್ಥೆ ಅದು. ಮೂರು ವರ್ಷದಲ್ಲಿ ಒಮ್ಮೆಯೂ ತಪ್ಪಿರಲಿಲ್ಲ.

ಅವತ್ತು ಅಮ್ಮನ ಪಕ್ಕದಲ್ಲೇ ಕೂತು ಹೇಳಿದಳು: "ನೀನೇ ಆ ಊರಲ್ಲಿ ಇರಲ್ಲ ಅಂತ ಬಿಟ್ಟು ಬಂದಿದೀಯ. ಅಲ್ಲೇ ಹುಟ್ಟಿದವನು ನೀನು. ಯಾರದೋ ಮನೆ ಹುಡುಗಿ ಯಾಕೆ ಹೋಗಿ ಇರ್ಬೇಕು?"

ದನಿ ಏರಿಸಲಿಲ್ಲ. ಮಗು ಮಲಗಿತ್ತಲ್ಲ. ಎದ್ದು ಲೋಟಗಳನ್ನೆಲ್ಲ ಒಟ್ಟುಮಾಡಿ ಸಿಂಕಿಗೆ ಹಾಕಿ ರೂಮಿಗೆ ಹೋದಳು.

ನಾನು ಅಮ್ಮನ ಮುಖ ನೋಡಿದೆ. ಸೊಸೆ ಏಕವಚನದಲ್ಲಿ ಮಾತಾಡಿದಳು ಅಂತ ಬೇಜಾರಾಗಿರಬಹುದು ಅನ್ನಿಸಿ, "ನಿದ್ದೆ ಇಲ್ಲ ಅವಳಿಗೆ, ಅದಕ್ಕೇ" ಅಂದೆ. ಅಮ್ಮ ಟೀವಿ ಆಫ್ ಮಾಡಿದಳು.

"ಆ ಹುಡುಗಿ ಕಿಟಕಿ ಹತ್ರ ನಿಂತು ಹೇಳಿದ್ಲಲ್ಲ, ಅವಳು ಅಷ್ಟುದ್ದ ಹೇಳ್ಲಿಲ್ಲ ಅಪ್ಪೀ. ಕೆಳಗೆ ಒಂದೂವರೆ ಸಾಲು ಬಂತು ಅಷ್ಟೆ. ನಿನ್ನ ಹೆಂಡತಿ ಬಾಯಲ್ಲಿ ಅದು ಆರು ಸಾಲಾಯ್ತು."

ಇಂಗ್ಲಿಷ್ ಓದಲು ಬಾರದ ಅಮ್ಮ ಸಾಲುಗಳನ್ನು ಎಣಿಸಿದ್ದಳು.

ಮುಂದಿನ ವಾರ ಅದೇ ಸಿನಿಮಾ ಮತ್ತೆ ಬಂದಾಗ ನಾನು ನೋಡಿದೆ. ಆ ಜಾಗದಲ್ಲಿ ಹುಡುಗಿ ಏನೋ ಸಣ್ಣ ಮಾತು ಹೇಳಿ ಸುಮ್ಮನಾದಳು. ಆಫೀಸಿಲ್ಲ, ಹೆಸರು ಕರೆಯುವವರಿಲ್ಲ ಅನ್ನುವುದೆಲ್ಲ ಎಲ್ಲೂ ಇರಲಿಲ್ಲ.

ನಮ್ಮದು ಜಾತಕ ನೋಡಿಯೇ ಆದ ಮದುವೆ. 2016ರಲ್ಲಿ ಅವರ ಮನೆಯಲ್ಲಿ ಉಪ್ಪಿಟ್ಟು ತಿಂದು ಟೆರೇಸಿನ ಮೇಲೆ ಹತ್ತು ನಿಮಿಷ ಮಾತಾಡಲು ಬಿಟ್ಟಾಗ ಅವಳು ಕೇಳಿದ ಮೊದಲ ಪ್ರಶ್ನೆ, "ನಾನು ಕೆಲಸ ಬಿಡಬೇಕಾಗುತ್ತಾ?" ಬೆಂಗಳೂರಿನ ಕಂಪನಿಯೊಂದರ ಟೆಸ್ಟಿಂಗ್ ವಿಭಾಗದಲ್ಲಿ ಆರು ವರ್ಷ ದುಡಿದು ಲೀಡ್ ಆಗಿದ್ದಳು, ಕೈಕೆಳಗೆ ಎಂಟು ಜನ. ನಾನು ಹೇಳಿದ್ದೆ, "ಒಂದೇ ವರ್ಷ. ಆಮೇಲೆ ನಿಂಗೂ ವರ್ಕ್ ಪರ್ಮಿಟ್ ಸಿಗುತ್ತೆ." ಸುಳ್ಳು ಹೇಳಬೇಕು ಅಂತ ಹೇಳಿದ್ದಲ್ಲ. ಎಚ್1ಬಿ ಮೇಲೆ ಹೋದವನ ಹೆಂಡತಿಗೆ ಕೊಡುವ ವೀಸಾಕ್ಕೆ ಎಚ್4 ಅಂತ ಹೆಸರು. 'ಡಿಪೆಂಡೆಂಟ್' ಅಂತ ವರ್ಗ. ಅದರಲ್ಲಿ ಅವಳು ಓದಬಹುದು, ಕಾರು ಓಡಿಸಬಹುದು, ಕೆಲಸ ಮಾಡುವ ಹಾಗಿಲ್ಲ. ಸೋಶಿಯಲ್ ಸೆಕ್ಯೂರಿಟಿ ನಂಬರ್ ಕೂಡ ಇಲ್ಲ. 2015ರಿಂದ ಒಂದು ದಾರಿ ತೆರೆದಿದೆ, ಗಂಡನ ಗ್ರೀನ್ ಕಾರ್ಡಿನ ಅರ್ಜಿಯಲ್ಲಿ ಐ-140 ಎಂಬ ಹಂತ ಮಂಜೂರಾಗಿದ್ದರೆ ಹೆಂಡತಿಯೂ ಕೆಲಸದ ಪರವಾನಗಿ ಕೇಳಬಹುದು. ಆ ಅರ್ಜಿ ಹಾಕಬೇಕಾದದ್ದು ಕಂಪನಿ. ನನ್ನ ಕಂಪನಿ ಪ್ರತಿ ಮೂರು ತಿಂಗಳಿಗೊಮ್ಮೆ, "ಮುಂದಿನ ಕ್ವಾರ್ಟರ್ ನೋಡೋಣ" ಅನ್ನುತ್ತಿತ್ತು. ನಾನು ಅದನ್ನೇ ಮನೆಗೆ ಬಂದು ಹೇಳುತ್ತಿದ್ದೆ. ಒಂದು ವರ್ಷ ಮೂರಾಯಿತು. ಮಗಳು ಹುಟ್ಟಿದಾಗ, ಹೇಗೂ ಮನೆಯಲ್ಲೇ ಇದ್ದಾಳಲ್ಲ ಅನ್ನುವುದು ಒಂದು ಅನುಕೂಲವೇ ಆಗಿಬಿಟ್ಟಿತು. ನನಗೆ.

ಅಪಾರ್ಟ್‌ಮೆಂಟಿನ ಕರಾರಿನಲ್ಲಿ, ಕರೆಂಟ್ ಬಿಲ್ಲಿನಲ್ಲಿ, ಬ್ಯಾಂಕಿನಲ್ಲಿ ಎಲ್ಲ ಕಡೆ ನನ್ನ ಹೆಸರು ಮೊದಲು. ವಾರಾಂತ್ಯದ ಕನ್ನಡಿಗರ ಊಟದ ಕೂಟಗಳಲ್ಲಿ ಅವಳನ್ನು ಪರಿಚಯ ಮಾಡಿಕೊಡುವುದು ನನ್ನ ಹೆಂಡತಿ ಅಂತ. ಅವಳ ಹೆಸರು ಕರೆಯುವವರು ಯಾರೂ ಇಲ್ಲ ಅನ್ನುವುದು ಅಕ್ಷರಶಃ ನಿಜವಾಗಿತ್ತು.

ಆ ಸಿನಿಮಾಗಳ ಬಗ್ಗೆ ನಾನು ಆಫೀಸಿನಲ್ಲಿ ತುಂಬಾ ಗೇಲಿ ಮಾಡುತ್ತಿದ್ದೆ. ಎಲ್ಲ ಒಂದೇ ಕಥೆ, ಎಲ್ಲ ಸುಳ್ಳು ಹಿಮ ಅಂತ. ಅವತ್ತಿನ ನಂತರ ಬೇರೆ ಥರ ಕಾಣತೊಡಗಿತು. ಒಬ್ಬ ಹುಡುಗಿ ಪ್ರೀತಿಗಾಗಿ ಪ್ರಪಂಚ ದಾಟಿ, ಗುರುತಿಲ್ಲದ ಊರಿನಲ್ಲಿ ಉಳಿದುಬಿಡುವುದು ನಂಬಲಾಗದ ಕಥೆಯೇನಲ್ಲ. ಅದು ನಮ್ಮ ಹಾಲ್‌ನಲ್ಲೇ ನಡೆದಿತ್ತು. ಸಿನಿಮಾದ ಮೋಸ ಇರುವುದು ಅದನ್ನು ನಿಲ್ಲಿಸುವ ಜಾಗದಲ್ಲಿ. ಅವರು ಮುತ್ತಿಗೆ ನಿಲ್ಲಿಸುತ್ತಾರೆ. ಮಾರನೆಯ ಸೋಮವಾರ ಬೆಳಗ್ಗೆ ಅವನು ಅಂಗಡಿಗೆ ಹೋದ ಮೇಲೆ ಅವಳು ಏನು ಮಾಡುತ್ತಾಳೆ ಅಂತ ತೋರಿಸುವುದಿಲ್ಲ. ತೋರಿಸಿದರೆ ಜಾಹೀರಾತು ಬರಲಿಕ್ಕಿಲ್ಲ.

ನಾನು ನಮ್ಮ ಮನೆಯ ಲೆಕ್ಕ ಹಾಕಿದೆ. ಹಳ್ಳಿಯಿಂದ ಶಿವಮೊಗ್ಗ, ಅಲ್ಲಿಂದ ದಾವಣಗೆರೆ, ಅಲ್ಲಿಂದ ಬೆಂಗಳೂರು, ಅಲ್ಲಿಂದ ಕಾನ್ಸಾಸ್. ಇಷ್ಟು ದೂರದಲ್ಲಿ ನಾನು ಒಬ್ಬರಿಗಾಗಿ ಅಂತ ಒಂದು ಕಿಲೋಮೀಟರೂ ಹೋಗಿಲ್ಲ. ಎಲ್ಲ ಪಿಯುಸಿಗೆ, ಬಿಇಗೆ, ಸಂಬಳಕ್ಕೆ. ಅಪ್ಪ ಹುಟ್ಟಿದ ಮನೆಯಲ್ಲೇ ಸತ್ತರು. ಅಣ್ಣ ಎಲ್ಲಿಗೂ ಹೋಗಲಿಲ್ಲ. ಇನ್ನೊಬ್ಬರ ಜೊತೆ ಇರಲಿಕ್ಕಾಗಿ ಊರು ಬಿಟ್ಟವರು ಇಬ್ಬರೇ, ಆ ಸೋಫಾದ ಮೇಲೆ ಅಕ್ಕಪಕ್ಕ ಕೂತಿದ್ದವರು. ಅಮ್ಮ ಹತ್ತೊಂಬತ್ತನೇ ವಯಸ್ಸಿಗೆ ತೀರ್ಥಹಳ್ಳಿ ಕಡೆಯಿಂದ ನಮ್ಮೂರಿಗೆ ಬಂದವಳು. ಮಳೆಗಾಲದಲ್ಲಿ ಹಳ್ಳ ಏರಿದರೆ ತವರಿನಿಂದ ಕಾಗದವೂ ಬರುತ್ತಿರಲಿಲ್ಲವಂತೆ. ಇದನ್ನು ಅವಳು ನನಗೆ ಹೇಳಿದ್ದಲ್ಲ. ಸೊಸೆಗೆ ಹೇಳಿದ್ದು, ಮಗುವಿಗೆ ಎಣ್ಣೆ ಹಚ್ಚುವಾಗ, ಅಕ್ಷರ ಓಡುವ ಆ ಟೀವಿಯ ಮುಂದೆ. ಅವರಿಬ್ಬರಿಗೂ ಆ ಸಿನಿಮಾಗಳು ಯಾಕೆ ಅರ್ಥವಾಗುತ್ತಿದ್ದವು ಅಂತ ನನಗೆ ಆಮೇಲೆ ತಿಳಿಯಿತು.

ಆ ರಾತ್ರಿ ರಿಲೀಸ್ ಮುಗಿಯುವಾಗ ಎರಡೂವರೆ. ರೂಮಿಗೆ ಹೋದರೆ ಅವಳು ಎಚ್ಚರವಾಗಿಯೇ ಇದ್ದಳು. ಏನು ಹೇಳಬೇಕೋ ಗೊತ್ತಾಗಲಿಲ್ಲ. ಅವಳ ಹೆಸರು ಹಿಡಿದು ಕರೆದೆ. "ಏನು?" ಅಂದಳು. "ಏನಿಲ್ಲ" ಅಂದೆ. ಸ್ವಲ್ಪ ಹೊತ್ತು ಬಿಟ್ಟು, "ಒಂದೇ ವರ್ಷ ಅಂತ ಹೇಳಿದ್ದು ನಂಗೆ ನೆನಪಿದೆ" ಅಂದೆ. ಅವಳು ಉತ್ತರ ಕೊಡಲಿಲ್ಲ. ಮಗು ಎದ್ದು ಅಳತೊಡಗಿತು. ಅವತ್ತು ನಾನೇ ಎತ್ತಿಕೊಂಡೆ.

ಮೇ ತಿಂಗಳಲ್ಲಿ ಅಮ್ಮ ಹೊರಡುವ ಮುಂಚಿನ ಭಾನುವಾರ ಅವಳನ್ನು ಕ್ರೌನ್ ಸೆಂಟರ್‌ಗೆ ಕರೆದುಕೊಂಡು ಹೋದೆವು. ಹಾಲ್‌ಮಾರ್ಕ್ ಕಂಪನಿಯ ಕಚೇರಿ ಇರುವ ಜಾಗ, ಸುತ್ತ ಅಂಗಡಿಗಳು. "ನೀನು ನೋಡೋ ಸಿನಿಮಾದವರ ಆಫೀಸು ಇದೇ ಅಮ್ಮ" ಅಂದೆ. ಅಮ್ಮ ಕಟ್ಟಡವನ್ನು ಮೇಲಿಂದ ಕೆಳಗೆ ನೋಡಿ, "ಇಲ್ಲಿ ಕೂತು ಬರೀತಾರಾ ಅಷ್ಟೂ ಕಥೆನ?" ಅಂದಳು. ಕಾರ್ಡಿನ ಅಂಗಡಿಯಲ್ಲಿ ಅರ್ಧ ಗಂಟೆ ಸುತ್ತಿ, ಬಿಳಿ ಹೂವಿನ ಉಬ್ಬುಚಿತ್ರ ಇರುವ ಒಂದು ಕಾರ್ಡನ್ನು ತಂದು ನನ್ನ ಕೈಗೆ ಕೊಟ್ಟಳು. ಮದುವೆಗೆ ಶುಭಾಶಯ ಕೋರುವ ಕಾರ್ಡು. ಹೆಚ್ಚುಕಮ್ಮಿ ಐದು ಡಾಲರ್.

"ಇದ್ಯಾರಿಗೆ ಅಮ್ಮ?"

"ಇರ್ಲಿ. ಬೇಕಾಗತ್ತೆ ಮುಂದೆ."

ರೂಪಾಯಿಯ ಲೆಕ್ಕ ಹೇಳಿದಾಗ, "ಒಂದಾಳಿನ ಅರ್ಧ ದಿನದ ಕೂಲಿ" ಅಂತ ಗೊಣಗಿದಳು, ಆದರೆ ವಾಪಸ್ ಇಡಲಿಲ್ಲ. ಹೆಂಡತಿ ಸುಮ್ಮನೆ ಹೋಗಿ ದುಡ್ಡು ಕೊಟ್ಟು ಬಂದಳು.

2021ರಲ್ಲಿ ನಾವು ಬೆಂಗಳೂರಿಗೆ ವಾಪಸ್ ಬಂದೆವು. ಹೆಂಡತಿಯ ಕೆಲಸಕ್ಕಾಗಿಯೇ ಬಂದೆವು ಅಂತ ಬರೆದರೆ ನಾನು ಆ ಸಿನಿಮಾದ ಹೀರೋ ಆಗುತ್ತೇನೆ, ನಿಜ ಅಷ್ಟು ನೀಟಾಗಿಲ್ಲ. ಕೋವಿಡ್ ಇತ್ತು, ವೀಸಾದ ಆರು ವರ್ಷ ಮುಗಿಯುತ್ತಾ ಬಂದಿತ್ತು, ಐ-140ರ ಮುಂದಿನ ಕ್ವಾರ್ಟರ್ ಬರಲೇ ಇಲ್ಲ. ಆದರೆ ನನಗೆ ಬೇರೆ ಕಂಪನಿಯಲ್ಲಿ ಅಲ್ಲೇ ಉಳಿಯುವ ಒಂದು ಅವಕಾಶ ಬಂದಾಗ, ಮೊದಲ ಬಾರಿಗೆ ನಾನು ಅವಳನ್ನು ಕೇಳಿದೆ, ಹೇಳಲಿಲ್ಲ. ಅವಳು ಬೇಡ ಅಂದಳು. ಐದು ವರ್ಷದ ಗ್ಯಾಪ್ ಇಟ್ಟುಕೊಂಡು ಹದಿನೇಳು ಇಂಟರ್‌ವ್ಯೂ ಕೊಟ್ಟು ಕೆಲಸ ಹಿಡಿದಳು. ಈಗ ಅವಳ ಮ್ಯಾನೇಜರ್, ಹಿಂದೆ ಅವಳ ಕೈಕೆಳಗೆ ಟೆಸ್ಟ್ ಕೇಸ್ ಬರೆಯಲು ಕಲಿತ ಹುಡುಗಿ. "ಪರವಾಗಿಲ್ಲ, ಚೆನ್ನಾಗಿ ಕಲಿಸಿದೀನಿ ಅಂತಾಯ್ತು" ಅನ್ನುತ್ತಾಳೆ. ಕೆಲವು ದಿನ ಅಷ್ಟು ಸುಲಭವಾಗಿ ಅನ್ನುವುದಿಲ್ಲ. ಮಗಳ ಟಿಫಿನ್ ಡಬ್ಬಿ ಕಟ್ಟುವುದು ನಾನು. ಚಪಾತಿ ಇನ್ನೂ ದುಂಡಗೆ ಬರುತ್ತಿಲ್ಲ.

ಅಣ್ಣನಿಗೆ ನಲವತ್ತು ದಾಟಿದೆ. 2023ರ ಫೆಬ್ರವರಿಯಲ್ಲಿ ಮಂಡ್ಯ ಕಡೆಯ ಮದುವೆಯಾಗದ ರೈತ ಹುಡುಗರು ಹೆಣ್ಣು ಸಿಗಲಿ ಅಂತ ಮಲೆ ಮಹದೇಶ್ವರ ಬೆಟ್ಟಕ್ಕೆ ಪಾದಯಾತ್ರೆ ಹೊರಟದ್ದು ನಿಮಗೆ ನೆನಪಿರಬೇಕು. ಟೀವಿಯವರು ಅದನ್ನು ತಮಾಷೆಯ ಸುದ್ದಿಯಂತೆ ತೋರಿಸಿದರು, ಆಫೀಸಿನ ವಾಟ್ಸಾಪ್ ಗುಂಪಿನಲ್ಲಿ ಮೀಮ್‌ಗಳು ಬಂದವು. ಅಣ್ಣನಿಗೆ ಫೋನ್ ಮಾಡಿದಾಗ ಅವನು ನಗುತ್ತಾ, "ಅವರಲ್ಲಿ ನಡೆಯೋಕಾದ್ರೂ ಅಷ್ಟು ಹುಡುಗರಿದ್ದಾರಲ್ಲ ಮಾರಾಯ. ನಮ್ಮೂರಲ್ಲಿ ಪಾದಯಾತ್ರೆ ಮಾಡಿದ್ರೆ ನಾನು, ನಾಯಿ" ಅಂದ.

ಆ ಮೀಮ್‌ಗಳಿಗೆ ನಾನು ನಗಲಿಲ್ಲ, ಹುಡುಗಿಯರನ್ನು ಬೈಯಲೂ ಇಲ್ಲ. ನಾನು ಬಿಟ್ಟು ಬಂದ ಊರಿಗೆ ಬರಲ್ಲ ಅಂದವರನ್ನು ಬೈಯುವ ಅಧಿಕಾರ ನನಗಿಲ್ಲ ಅನ್ನುವಷ್ಟು ಬುದ್ಧಿ ಒಂದು ಟೀವಿ ಸಿನಿಮಾದ ತಪ್ಪು ಅನುವಾದದಿಂದ ಬಂದಿತ್ತು. ಆದರೆ ಇದರಿಂದ ಅಣ್ಣನಿಗೆ ಏನೂ ಸಿಕ್ಕಿದಂತಾಗಲಿಲ್ಲ. ಅದೂ ನಿಜ.

ಕಳೆದ ದೀಪಾವಳಿಗೆ ಊರಿಗೆ ಹೋದಾಗ ಅಂಗಳದಲ್ಲಿ ಅಣ್ಣ ಕೋಕೋ ಕಾಯಿ ಒಡೆಯುತ್ತಿದ್ದ. ಮಗಳು ಬೀಜದ ಮೇಲಿನ ಬಿಳಿ ತಿರುಳನ್ನು ಚೀಪಿ, "ಇದು ಚಾಕಲೇಟ್ ಥರ ಇಲ್ಲ ದೊಡ್ಡಪ್ಪ" ಅಂತ ಮುಖ ಹಿಂಡಿದಳು. ಹೆಂಡತಿ ಜಗಲಿಯಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಕಾಲ್‌ನಲ್ಲಿದ್ದಳು. ಸಿಗ್ನಲ್ ಹೋದಾಗಲೆಲ್ಲ ಎದ್ದು ಹಲಸಿನ ಮರದ ಬುಡಕ್ಕೆ ಓಡುತ್ತಿದ್ದಳು. ಅಡುಗೆಮನೆಯಲ್ಲಿ ಅಮ್ಮ ಒಬ್ಬಳೇ ಸಿಕ್ಕಾಗ ಕೇಳಿದೆ, "ಅಮ್ಮ, ಆ ಕಾರ್ಡು ಎಲ್ಲಿ?"

"ಪೆಟ್ಟಿಗೆಯಲ್ಲಿದೆ" ಅಂದಳು, ಒಲೆಯಿಂದ ಕಣ್ಣು ತೆಗೆಯದೆ. "ಮಳೆಗಾಲದಲ್ಲಿ ಎರಡು ಸಲ ತೆಗೆದು ನೋಡಿದೀನಿ. ಗೆದ್ದಲು ಹಿಡಿದಿಲ್ಲ."